ಚಿಕ್ಕ ಟೀಚರ ಕೈ

"ಅಮ್ಮಾ, ಚಿಕ್ಕ ಟೀಚರಿಗೆ ಬಿಸಿ ಆಗಲ್ವಾ?"

ಗುಬ್ಬಿ ಹೀಗೆ ಕೇಳಿದ್ದು ಮೆಟ್ಟಿಲಿಳಿಯುವಾಗ. ಅಮ್ಮನ ಒಂದು ಕೈಯಲ್ಲಿ ಸುತ್ತಿದ ಮ್ಯಾಟು, ಇನ್ನೊಂದರಲ್ಲಿ ಮಗಳ ಚಪ್ಪಲಿ, ಹೆಗಲಲ್ಲಿ ಜೋಲಾಡುವ ಚೀಲ, ಹಲ್ಲಿನ ನಡುವೆ ಕೂದಲಿಗೆ ಹಾಕಬೇಕಾದ ಕ್ಲಿಪ್ಪು. ಗುಬ್ಬಿಯಮ್ಮನಿಗೆ ಉತ್ತರ ಕೊಡೋಣವೆಂದರೆ ಬಾಯಿಯೂ ಖಾಲಿ ಇರಲಿಲ್ಲ. ಕ್ಲಿಪ್ಪನ್ನು ಮಗಳ ತಲೆಗೇ ಸಿಕ್ಕಿಸಿ ಕೇಳಿದಳು, "ಯಾಕೇ?"

"ಚಹಾ ಲೋಟ ಹೀಗೆ ಹಿಡ್ಕೊಂಡಿದ್ರು." ಮಗು ಎರಡೂ ಕೈಗಳಿಂದ ಗಾಳಿಯಲ್ಲೊಂದು ಲೋಟವನ್ನು ತಬ್ಬಿ ತೋರಿಸಿತು. "ಹೊಗೆ ಬರ್ತಿತ್ತು. ನಾನು ಮುಟ್ಟಿದ್ರೆ ಚುರ್ ಅಂತು. ಅವರಿಗೆ ಚುರ್ ಅನ್ನಲ್ಲ."

"ಕೆಲಸ ಮಾಡಿ ಮಾಡಿ ಕೈ ಗಟ್ಟಿಯಾಗಿರುತ್ತೆ ಕಣೇ."

"ನಿಂದೂ ಗಟ್ಟಿನಾ?"

"ಹೂಂ."

"ಮತ್ತೆ ಹಾಲಿನ ಪಾತ್ರೆ ಇಳಿಸುವಾಗ ಅಯ್ಯಯ್ಯೋ ಅಂತ ಕುಣೀತೀಯಲ್ಲ?"

ಮೆಟ್ಟಿಲ ಕೆಳಗಿನ ಇಸ್ತ್ರಿ ಅಂಗಡಿಯವರು ಈ ಮಾತು ಕೇಳಿ ಕಿಸಕ್ಕನೆ ನಕ್ಕರು. ಮಗುವನ್ನು ಶಾಲೆಗೆ ಬಿಡಬೇಕು, ಒಂಬತ್ತೂವರೆಗೆ ಕನ್ನಡಕದ ಅಂಗಡಿಯ ಬಾಗಿಲಲ್ಲಿರಬೇಕು. ಗುಬ್ಬಿಯಮ್ಮ ಚಪ್ಪಲಿಯನ್ನು ಪುಟ್ಟ ಕಾಲುಗಳಿಗೆ ತುರುಕಿ, ಆ ಪ್ರಶ್ನೆಯನ್ನು ಅಲ್ಲೇ ಮೆಟ್ಟಿಲ ಮೇಲೆ ಬಿಟ್ಟು ನಡೆದಳು.

ಇಸ್ತ್ರಿ ಅಂಗಡಿಯ ಮೇಲೆ ಅವರು ಯೋಗ ಕಲಿಯಲು ಹೋಗುತ್ತಿದ್ದ ಹಾಲು ಅಂಥ ದೊಡ್ಡ ಕೋಣೆಯಲ್ಲ. ಉದ್ದಕ್ಕೆ ಹಲಗೆಯ ನೆಲ, ನಡುವೆ ಒಂದು ಕಂಬ, ಬೀದಿಯ ಕಡೆಗೆ ಒಂದೇ ಒಂದು ಕಿಟಕಿ, ಮೂಲೆಯಲ್ಲಿ ಚಹಾ ಕಾಯಿಸುವ ಒಲೆ, ಬಾಗಿಲ ಹಿಂದೆ ಚಪ್ಪಲಿ ಗೂಡು. ಕೆಳಗಿನ ಇಸ್ತ್ರಿಯ ಶಾಖಕ್ಕೆ ನೆಲ ಸದಾ ಬೆಚ್ಚಗಿರುತ್ತಿತ್ತು. ಅಲ್ಲಿ ಕಲಿಸುತ್ತಿದ್ದುದು ಕಣ್ಣು ಮುಚ್ಚಿ ಸುಮ್ಮನೆ ಕೂರುವ ಯೋಗವಲ್ಲ, ಉಸಿರಿನ ಹಿಂದೆಯೇ ಮೈ ಓಡುವ ಯೋಗ. ಒಬ್ಬರು ಎಣಿಸಬೇಕು, ಮಿಕ್ಕವರು ಆ ಎಣಿಕೆಗೆ ಸರಿಯಾಗಿ ಉಸಿರೆಳೆದು ಏಳಬೇಕು, ಉಸಿರು ಬಿಟ್ಟು ಬಾಗಬೇಕು, ಹಿಂದಕ್ಕೆ ಹಾರಬೇಕು, ಮುಂದಕ್ಕೆ ಹಾರಬೇಕು. ಹತ್ತು ಹನ್ನೆರಡು ಜನ ಒಟ್ಟಿಗೆ ಹಾರಿದರೆ ಕೆಳಗಿನ ಅಂಗಡಿಯ ಬಿಳಿ ಅಂಗಿಗಳ ಮೇಲೆ ಸೂರಿನ ಪುಡಿ ಉದುರುತ್ತಿತ್ತು. "ಮೇಲೆ ಏನು ಕುದುರೆ ಕಟ್ಟಿದ್ದೀರೇನ್ರೀ?" ಎಂದು ಇಸ್ತ್ರಿಯವರು ಕೋಲಿನಿಂದ ಸೂರು ಕುಟ್ಟುವುದು ವರ್ಷಗಟ್ಟಲೆ ನಡೆದುಬಂದ ಪಾಠದ ಒಂದು ಭಾಗವೇ ಆಗಿಹೋಗಿತ್ತು.

ಹಾಲನ್ನು ನಡೆಸುತ್ತಿದ್ದವರು ಅಕ್ಕ ತಂಗಿ. ಅಕ್ಕ ದೊಡ್ಡ ಟೀಚರು, ತಂಗಿ ಚಿಕ್ಕ ಟೀಚರು. ತಂಗಿಗೆ ಐವತ್ತು ದಾಟಿ ತಲೆ ಅರ್ಧ ಬೆಳ್ಳಗಾದರೂ ಆಕೆ ಚಿಕ್ಕ ಟೀಚರೇ. ದೊಡ್ಡ ಟೀಚರದು ದನಿ, ಚಿಕ್ಕ ಟೀಚರದು ಕೈ. ಅಕ್ಕ ಬಾಗಿಲ ಬಳಿ ನಿಂತು "ಏಕಂ... ದ್ವೇ... ತ್ರೀಣಿ..." ಎಂದು ಬೀದಿಯ ಕೊನೆಯವರೆಗೂ ಕೇಳುವಂತೆ ಎಣಿಸುತ್ತಿದ್ದರು. ತಂಗಿ ಸದ್ದಿಲ್ಲದೆ ಮ್ಯಾಟುಗಳ ನಡುವೆ ಸುಳಿದು ಒಬ್ಬೊಬ್ಬರ ಬೆನ್ನಿಗೆ, ಸೊಂಟಕ್ಕೆ, ಭುಜಕ್ಕೆ ಕೈಯಿಟ್ಟು ಸರಿಪಡಿಸುತ್ತಿದ್ದರು. ಮಾತಿಲ್ಲ ಕತೆಯಿಲ್ಲ. ಯಾರಿಗೆ ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅವರಿಗೆ ಹೇಳುತ್ತಿದ್ದುದು ಆ ಕೈಯೇ.

ಯೋಗಕ್ಕೆ ಬರುವ ಮುಂಚೆ ಆಕೆ ಬಟ್ಟೆಯ ಗಿರಣಿಯಲ್ಲಿದ್ದರಂತೆ. ಯಂತ್ರದಿಂದ ಓಡಿಬರುವ ಬಟ್ಟೆಯ ಮೇಲೆ ಕೈಯಾಡಿಸಿ ಗಂಟು, ಹಿಂಜಿದ ನೂಲು, ತಪ್ಪಿದ ಎಳೆ ಹುಡುಕುವ ಕೆಲಸ. ಕಣ್ಣಿಗೆ ಕಾಣದ ಗಂಟು ಬೆರಳಿಗೆ ಸಿಗುತ್ತಿತ್ತು. ನಡುವೆ ಮದುವೆಯೂ ಒಂದಾಗಿ, ಆ ಮನೆಯಲ್ಲಿ ಬಾಳಲಾಗದೆ ಪೆಟ್ಟಿಗೆ ಹಿಡಿದು ಅಕ್ಕನ ಬಾಗಿಲಿಗೆ ಬಂದದ್ದೂ ಆಯಿತು. ಅಕ್ಕ ಯಾಕೆ ಏನು ಎಂದು ಕೇಳಲಿಲ್ಲ. "ಮ್ಯಾಟು ಹಾಸು" ಅಂದರಂತೆ, ಅಷ್ಟೇ. ಆಮೇಲೆ ಗಿರಣಿ ಮುಚ್ಚಿತು. ಬಟ್ಟೆಯ ಮೇಲಿದ್ದ ಕೈ ಜನರ ಬೆನ್ನ ಮೇಲೆ ಬಂತು.

ಗುಬ್ಬಿಯಮ್ಮ ಮೊದಲು ಆ ಮೆಟ್ಟಿಲು ಹತ್ತಿದ್ದು ಹೆರಿಗೆಯಾದ ವರ್ಷ, ಸೊಂಟ ನೋವೆಂದು. ಮೊದಲ ದಿನವೇ ಚಿಕ್ಕ ಟೀಚರು ಅವಳ ಸೊಂಟದ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತರು. "ಮಗೂನ ಎಡಗಡೆ ಮಾತ್ರ ಎತ್ಕೋತೀಯಾ?" ಎಂದರು. ಹೌದು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಸ್ವತಃ ಅವಳಿಗೇ ಗೊತ್ತಿರಲಿಲ್ಲ. ಅಂದು ಮನೆಗೆ ಹೋಗಿ ಕೂಸನ್ನು ಬಲಗಡೆ ಎತ್ತಿಕೊಂಡರೆ ಅದು ಯಾರದೋ ಮಗುವಿನ ಹಾಗೆ ಅನ್ನಿಸಿತ್ತು.

ದೊಡ್ಡ ಟೀಚರು ಹೋದದ್ದು ಹೋದ ಚಳಿಗಾಲ. ಎದೆ ನೋವೆಂದು ಆಸ್ಪತ್ರೆಗೆ ಸೇರಿದವರು ವಾಪಸು ಬರಲಿಲ್ಲ. ವಾರ ತುಂಬುವ ಮೊದಲೇ ಚಿಕ್ಕ ಟೀಚರು ಹಾಲಿನ ಬಾಗಿಲು ತೆರೆದರು. ಬಂದವರೆಲ್ಲ ಏನು ಹೇಳುವುದೆಂದು ತಿಳಿಯದೆ ನಿಂತಿದ್ದಾಗ ಅವರು ಬಾಗಿಲ ಬಳಿ, ಅಕ್ಕ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, "ಏಕಂ" ಎಂದರು. ಅದೇ ದನಿ, ಅದೇ ಎಳೆತ. ಹತ್ತು ಮಾತಿಗೆ ಒಂದು ಮಾತಾಡದಿದ್ದವರ ಬಾಯಿಂದ ಅಕ್ಕನ ದನಿ ಬಂದದ್ದು ಕೇಳಿ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಮುಖ ಮುಚ್ಚಿಕೊಂಡು ಅತ್ತಳು. ಚಿಕ್ಕ ಟೀಚರು ಅಳಲಿಲ್ಲ. "ದ್ವೇ" ಎಂದರು.

ಅಂದಿನಿಂದ ದನಿಯೂ ಅವರದೇ, ಕೈಯೂ ಅವರದೇ. ಎಣಿಸುತ್ತ ಎಣಿಸುತ್ತ ಒಂದೇ ದಾರಿಯಲ್ಲಿ ಸುತ್ತು ಬರುತ್ತಿದ್ದರು. ಮೊದಲು ಬಾಗಿಲ ಪಕ್ಕ, ಆಮೇಲೆ ಕಂಬ, ಆಮೇಲೆ ಕಿಟಕಿ, ಆಮೇಲೆ ಒಲೆಯ ಕಡೆ. ಒತ್ತಿದ್ದು ಹಿತವಾಗಿಯೇ ಇತ್ತು, ತಪ್ಪೇನೂ ಕಾಣಲಿಲ್ಲ. ಆದರೆ "ಮಗೂನ ಎಡಗಡೆ ಎತ್ಕೋತೀಯಾ" ಎಂಬಂಥ ಮಾತು ಮತ್ತೆ ಯಾರಿಗೂ ಬರಲಿಲ್ಲ. ದುಃಖದಲ್ಲಿದ್ದಾರೆ, ಮಾತು ಕಡಿಮೆಯಾಗಿದೆ ಎಂದುಕೊಂಡು ಎಲ್ಲರೂ ಸುಮ್ಮನಾದರು.

ಹಾಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ಯಾರೂ ಹಂಚಿಕೊಟ್ಟದ್ದಲ್ಲ, ಕೂತು ಕೂತು ಆದದ್ದು. ಕಿಟಕಿಯ ಪಕ್ಕದ ಜಾಗ ಗ್ರಂಥಾಲಯದ ಹುಡುಗಿಯದು. ಅವಳ ಅಡ್ಡಹೆಸರು ರಬ್ಬರಮ್ಮ. ಕಾಲು ಚಾಚಿ ಕುಳಿತು ಮುಂದೆ ಬಾಗಿದರೆ ಅವಳ ಹೊಟ್ಟೆ ತೊಡೆಗೆ ಅಂಟಿ, ಗಲ್ಲ ಮೊಣಕಾಲು ದಾಟುತ್ತಿತ್ತು. ಅಷ್ಟಕ್ಕೂ ತೃಪ್ತಿಯಿಲ್ಲದೆ, "ಇನ್ನೂ ಒತ್ತಿ ಟೀಚರ್" ಎನ್ನುವಳು. ಚಿಕ್ಕ ಟೀಚರು ಅವಳ ಬೆನ್ನ ಮೇಲೆ ಪೂರ್ತಿ ಮೈಭಾರ ಬಿಟ್ಟು ಒರಗುತ್ತಿದ್ದರು. ಕಂಬದ ಪಕ್ಕ ಬಸ್ ಡ್ರೈವರು. ದಿನವಿಡೀ ಸೀಟಿನಲ್ಲಿ ಕೂತು ಅವರ ತೊಡೆಯ ಹಿಂಭಾಗ ಬಿಗಿದ ಹಗ್ಗವಾಗಿತ್ತು. ಅವರು ಬಾಗಿದರೆ ಕೈ ಮೊಣಕಾಲಿನ ಹತ್ತಿರಕ್ಕೆ ಹೋಗಿ ನಿಂತುಬಿಡುವುದು. "ಇದೇ ನನ್ನ ಕೊನೇ ಸ್ಟಾಪು" ಎನ್ನುವರು. ಅವರ ಬೆನ್ನಿಗೆ ಬೀಳುತ್ತಿದ್ದುದು ಎರಡು ಬೆರಳಿನ ಭಾರ ಮಾತ್ರ.

ರಬ್ಬರಮ್ಮ ರಜೆ ಹಾಕಿ ಊರಿಗೆ ಹೋದ ವಾರ ಡ್ರೈವರು ತಮ್ಮ ಮ್ಯಾಟನ್ನು ಕಿಟಕಿಯ ಬಳಿ ಹಾಸಿದರು.

"ಏನಣ್ಣಾ, ಜಾಗ ಬದಲಾಯಿಸಿಬಿಟ್ರಿ?" ಎಂದಳು ಗುಬ್ಬಿಯಮ್ಮ.

"ಇಷ್ಟು ವರ್ಷ ಊರಿಗೆಲ್ಲಾ ಕಿಟಕಿ ಸೀಟು ಕೊಟ್ಟೆ ತಂಗಿ. ನನಗೆ ಯಾವತ್ತಾದ್ರೂ ಸಿಕ್ಕಿದೆಯಾ? ಇವತ್ತು ಗಾಳಿ ತಗೊಂಡು ಹಾಯಾಗಿ ಕೂರ್ತೀನಿ. ಟಿಕೆಟ್ ಕೇಳಬೇಡ."

ಎಲ್ಲರೂ ನಕ್ಕರು. ಮೂಲೆಯಲ್ಲಿ ಬಣ್ಣದ ಸೀಸದಕಡ್ಡಿ ಹಿಡಿದು ಕೂತಿದ್ದ ಗುಬ್ಬಿಯೂ ನಕ್ಕಿತು. ಚಿಕ್ಕ ಟೀಚರು "ಏಕಂ" ಎಂದರು.

ಕೂತು ಬಾಗುವ ಹೊತ್ತಿಗೆ ಅವರು ಸುತ್ತು ಹೊರಟಿದ್ದರು. ಬಾಗಿಲ ಪಕ್ಕದವರ ಬೆನ್ನಿಗೆ ಕೈ. ಕಂಬದ ಪಕ್ಕ ಯಾರೂ ಇರಲಿಲ್ಲ, ಆದರೂ ಅಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಂತರು. ಆಮೇಲೆ ಕಿಟಕಿ. ಗುಬ್ಬಿಯಮ್ಮ ಬಾಗಿದಲ್ಲಿಂದಲೇ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಚಿಕ್ಕ ಟೀಚರು ಎರಡೂ ಕೈಗಳನ್ನು ಡ್ರೈವರ ಬೆನ್ನ ಮೇಲಿಟ್ಟು, ಎಂದಿನಂತೆ, ಆ ಜಾಗಕ್ಕೆ ಎಂದಿನಂತೆ, ಪೂರ್ತಿ ಮೈಭಾರ ಬಿಟ್ಟು ಒರಗಿದರು.

ಒಣಗಿದ ಕಡ್ಡಿ ಮುರಿದಂಥ ಸಣ್ಣ ಸದ್ದು. ಆಮೇಲೆ ಡ್ರೈವರ ಬಾಯಿಂದ ಬಂದದ್ದು ಕೂಗೂ ಅಲ್ಲ, ನರಳುವಿಕೆಯೂ ಅಲ್ಲ. ಬಸ್ಸಿನ ಗಾಳಿಬ್ರೇಕು ಬಿಟ್ಟ ಹಾಗೆ ಒಂದು ಉದ್ದನೆಯ ಉಸಿರು. ಮಗ್ಗುಲಿಗೆ ಹೊರಳಿ ಬಲ ತೊಡೆಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಮುಖ ಬೂದಿಯಾಗಿತ್ತು.

ಚಿಕ್ಕ ಟೀಚರು ತಮ್ಮ ಕೈಗಳನ್ನು ನೋಡಿಕೊಂಡು ನಿಂತಿದ್ದರು. ಅವರ ಮುಖದಲ್ಲಿ ಗಾಬರಿಯಿಲ್ಲ, ಏನೂ ಇಲ್ಲ. ಇಸ್ತ್ರಿಯವರೂ ಗುಬ್ಬಿಯಮ್ಮನೂ ಸೇರಿ ಡ್ರೈವರನ್ನು ಮೆಟ್ಟಿಲಿಳಿಸಿದರು.

ತೊಡೆಯ ಹಿಂದಿನ ಸ್ನಾಯು ಹರಿದಿದೆ, ವಾರಗಟ್ಟಲೆ ಬ್ರೇಕಿನ ಮೇಲೆ ಕಾಲಿಡುವ ಹಾಗಿಲ್ಲ ಎಂದರು ಡಾಕ್ಟರು. ಮರುದಿನ ಡ್ರೈವರ ಹೆಂಡತಿ ಹಾಲಿನ ಬಾಗಿಲಿಗೇ ಬಂದು ನಿಂತಳು.

"ಏನ್ರೀ, ಆರೋಗ್ಯ ಮಾಡ್ಕೊಂಡು ಬನ್ನಿ ಅಂತ ಕಳಿಸಿದ್ರೆ ಎತ್ಕೊಂಡು ಬರೋ ಹಾಗೆ ಮಾಡಿ ಕಳಿಸಿದ್ರಲ್ಲ! ಮನೇಲಿ ಕಾಲು ಚಾಚ್ಕೊಂಡು ಕೂತು ನನಗೆ ರೈಟು, ಲೆಫ್ಟು, ಹೋಲ್ಡಾನ್ ಅಂತ ಅಡುಗೆಮನೇಲಿ ಬಸ್ ಓಡಿಸ್ತಿದ್ದಾರೆ. ಇವರನ್ನ ನಾನು ಎಷ್ಟು ದಿನ ತಡ್ಕೋಬೇಕು ಹೇಳಿ?"

ಚಿಕ್ಕ ಟೀಚರು ಏನೂ ಹೇಳಲಿಲ್ಲ. ಬಂದವಳಿಗೆ ಮೌನದ ಜೊತೆ ಜಗಳವಾಡಲು ಬರಲಿಲ್ಲ. ಗೊಣಗಿಕೊಂಡು ಇಳಿದುಹೋದಳು. ಮಿಕ್ಕವರು ಚಿಕ್ಕ ಟೀಚರಿಗೇ ಸಮಾಧಾನ ಹೇಳಿದರು. "ವಯಸ್ಸಾದ ಸ್ನಾಯು ಟೀಚರ್, ಯಾವಾಗ ಬೇಕಾದ್ರೂ ಕೈ ಕೊಡುತ್ತೆ." "ಅವರು ಹುಷಾರಾಗಿ ಬಗ್ಗಬೇಕಿತ್ತು." 

ಗುಬ್ಬಿಯಮ್ಮ ಅಂಗಡಿಯಲ್ಲಿ ಒಬ್ಬ ಮುದುಕಪ್ಪನಿಗೆ ಹೊಸ ಕನ್ನಡಕ ಕೂರಿಸುತ್ತಿದ್ದಳು. ಅವಳ ಕೆಲಸವೇ ಅದು, ಚೌಕಟ್ಟಿನ ಕಾಲು ಬಗ್ಗಿಸಿ ಮೂಗಿಗೂ ಕಿವಿಗೂ ಒಪ್ಪಿಸುವುದು. ಗಿರಾಕಿಗಳಿಗೆ ಎಲ್ಲಿ ಒತ್ತುತ್ತಿದೆ ಎಂದು ಹೇಳಲು ಬರುವುದಿಲ್ಲ. "ಏನೋ ಸರಿಯಿಲ್ಲಮ್ಮ" ಎನ್ನುತ್ತಾರೆ, ಅಷ್ಟೇ. ಅವಳೇ ಕಿವಿಯ ಹಿಂದೆ ಬೆರಳಾಡಿಸಬೇಕು. ಅಂದು ಹಾಗೆ ಬೆರಳಾಡಿಸುತ್ತಿದ್ದಾಗ ಬಿಸಿ ಮಾಡಿದ ಚೌಕಟ್ಟಿನ ತುದಿ ತಾಗಿ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು. ಅವಳು ಸರಿಸಿದ್ದಲ್ಲ, ಕೈಯೇ ಸರಿದದ್ದು.

ಅವರಿಗೆ ಚುರ್ ಅನ್ನಲ್ಲ.

ಮೆಟ್ಟಿಲ ಮೇಲೆ ಬಿಟ್ಟು ಬಂದಿದ್ದ ಪ್ರಶ್ನೆ ಎದುರಿಗೆ ಬಂದು ನಿಂತಿತು. ಮುದುಕಪ್ಪ "ಏನಾಯ್ತಮ್ಮ?" ಎನ್ನುತ್ತಿದ್ದರು. "ಏನಿಲ್ಲ ತಾತ, ಆಯ್ತು, ಕನ್ನಡಿ ನೋಡ್ಕೊಳ್ಳಿ" ಎಂದಳು.

ಸಂಜೆ ಗುಬ್ಬಿಯನ್ನು ಕರೆದುಕೊಂಡು ಹಾಲಿಗೆ ಹೋದಳು. ಚಿಕ್ಕ ಟೀಚರು ಒಬ್ಬರೇ ನೆಲ ಒರೆಸುತ್ತಿದ್ದರು. ಗುಬ್ಬಿಗೆ ಅಲ್ಲಿ ಬಣ್ಣದ ಕಡ್ಡಿಗಳ ಡಬ್ಬಿಯೊಂದು ಯಾವಾಗಲೂ ಇರುತ್ತಿತ್ತು, ಮಗು ತನ್ನ ಪಾಡಿಗೆ ಮೂಲೆ ಸೇರಿತು. ಗುಬ್ಬಿಯಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ.

"ಟೀಚರ್, ಒಂದು ನಿಮಿಷ ಕಣ್ಣು ಮುಚ್ಚಿ ಕೈ ನೀಡ್ತೀರಾ?"

ಯಾಕೆಂದು ಕೇಳದೆ ಅವರು ಕಣ್ಣು ಮುಚ್ಚಿ ಬಲಗೈ ನೀಡಿದರು. ಗುಬ್ಬಿಯಮ್ಮ ಚೀಲದಿಂದ ಕನ್ನಡಕದ ಪುಟಾಣಿ ತಿರುಪೊಂದನ್ನು ತೆಗೆದು ಅವರ ತೋರುಬೆರಳ ತುದಿಯ ಮೇಲಿಟ್ಟಳು. ಸಾಸಿವೆಗಿಂತ ಕೊಂಚ ದೊಡ್ಡದು, ಮೊನಚು. ಇಟ್ಟು ಕಾದಳು. ಕೆಳಗೆ ಇಸ್ತ್ರಿಪೆಟ್ಟಿಗೆ ಬುಸ್ ಎಂದಿತು.

"ಇಡು ಮತ್ತೆ" ಎಂದರು ಚಿಕ್ಕ ಟೀಚರು.

"ಇಟ್ಟಾಯ್ತು ಟೀಚರ್."

ಅವರು ಕಣ್ಣು ತೆರೆದು ಬೆರಳನ್ನು ನೋಡಿದರು. ತಿರುಪು ದೀಪದ ಬೆಳಕಿಗೆ ಮಿನುಗುತ್ತಿತ್ತು. ಬೆರಳನ್ನು ಓರೆ ಮಾಡಿದರು, ಅದು ಉರುಳಿ ಹಲಗೆಯ ಸಂದಿಗೆ ಬಿತ್ತು.

"ಹೋಯ್ತಲ್ಲ ನಿನ್ನ ತಿರುಪು" ಎಂದರು.

"ಹೋಗ್ಲಿ ಬಿಡಿ. ಯಾವಾಗಿಂದ ಹೀಗೆ?"

ಅವರು ಒರೆಸುವ ಬಟ್ಟೆಯನ್ನು ಹಿಂಡಿ ಬಕೆಟಿನ ಅಂಚಿಗೆ ಹರವಿದರು. ಮಾತಾಡಿದಾಗ ದನಿಯಲ್ಲಿ ಏರೂ ಇರಲಿಲ್ಲ, ಇಳಿವೂ ಇರಲಿಲ್ಲ. ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದರು.

"ಆಸ್ಪತ್ರೇಲಿ ಅಕ್ಕನ ಕಾಲು ಹಿಡ್ಕೊಂಡು ಕೂತಿದ್ದೆ. ನರ್ಸು ಬಂದು ಮುಟ್ಟಿ ನೋಡಿ, ತಣ್ಣಗಾಗಿದೆ ಅಂದ್ಳು. ಆಮೇಲೆ ಡಾಕ್ಟರು ಬಂದು ಅದನ್ನೇ ಹೇಳಿದ್ರು. ಅಷ್ಟು ಹೊತ್ತೂ ನನ್ನ ಕೈ ಅಲ್ಲೇ ಇತ್ತು. ನನಗೆ ಗೊತ್ತಾಗ್ಲಿಲ್ಲ. ಬಿಸಿನೋ ತಣ್ಣಗೋ, ಏನೂ ಗೊತ್ತಾಗ್ಲಿಲ್ಲ." ಬಕೆಟನ್ನು ಗೋಡೆಯ ಕಡೆ ಸರಿಸಿ ಮತ್ತೆ ಹೇಳಿದರು. "ಅದಕ್ಕೂ ಮುಂಚೆ ಬೆರಳು ಜುಮ್ಮನ್ನೋದು ಇತ್ತು. ಅವತ್ತಿಂದ ಅದೂ ಹೋಯ್ತು. ದುಃಖ ಅಂದ್ರೆ ಹೀಗೇ ಇರುತ್ತೇನೋ ಅಂದ್ಕೊಂಡೆ. ಎಲ್ರೂ ಹೇಳ್ತಿದ್ರಲ್ಲ, ಮರಗಟ್ಟಿದ ಹಾಗೆ ಆಗುತ್ತೆ, ಕಾಲ ಕಳೆದ ಹಾಗೆ ಸರಿಹೋಗುತ್ತೆ ಅಂತ. ಸರಿ, ಕಾಯೋಣ ಅಂತ ಕಾದೆ."

"ಅಯ್ಯೋ ಟೀಚರ್, ಅದು ನರದ್ದು. ಕೈ ಮೇಲೆ ಭಾರ ಹಾಕಿ ಹಾಕಿ ಆಗಿರುತ್ತೆ. ಡಾಕ್ಟರಿಗೆ ತೋರಿಸಬೇಕಲ್ವಾ?"

"ಅಕ್ಕನಿಗಾಗಿ ಮರಗಟ್ಟಿದೆ ಅಂದ್ಕೊಂಡಿದ್ದನ್ನ ಡಾಕ್ಟರಿಗೆ ಏನಂತ ತೋರಿಸ್ಲಿ?"

 ಎದುರಿಗಿದ್ದವರ ಕಣ್ಣು ಒಣಗಿಯೇ ಇದ್ದಾಗ ತಾನು ಅಳುವುದು ಸರಿಯಲ್ಲವೆನಿಸಿ ಗುಬ್ಬಿಯಮ್ಮ ಬಕೆಟನ್ನು ಎತ್ತಿ ಬಚ್ಚಲಿಗೆ ಸುರಿದು ಬಂದಳು.

"ಹಾಗಾದ್ರೆ ಇಷ್ಟು ತಿಂಗಳು ನಮಗೆಲ್ಲ ಹೇಗೆ ಒತ್ತಿದ್ರಿ?"

"ಜ್ಞಾಪಕದಲ್ಲಿ. ಕಂಬದ ಹತ್ರ ಇಷ್ಟು, ಕಿಟಕಿ ಹತ್ರ ಇಷ್ಟು. ಮುಖ ನೋಡ್ತಾ ಇರ್ಲಿಲ್ಲ, ಜಾಗ ನೋಡ್ತಿದ್ದೆ."

"ಡ್ರೈವರಣ್ಣನಿಗೆ ಹೇಳಬೇಕು ಟೀಚರ್."

"ಹೇಳಿದ್ರೆ ನಾಳೆಯಿಂದ ಇಲ್ಲಿಗೆ ಯಾರು ಬರ್ತಾರೆ? ಅಕ್ಕನ ಹತ್ರ ದನಿ ಇತ್ತು, ಓದು ಇತ್ತು, ಜನ ಇದ್ರು. ನನ್ನ ಹತ್ರ ಇದ್ದದ್ದು ಇದೊಂದು." ಕೈಗಳನ್ನು ಮಗುಚಿ ನೋಡಿಕೊಂಡರು. "ಹಾಲು ಮುಚ್ಚಿದ್ರೆ ನಾನು ಎಲ್ಲಿ ನಿಂತ್ಕೊಳ್ಳಿ?"

ಗುಬ್ಬಿಯಮ್ಮ ಮೂಲೆಗೆ ಹೋದಳು. ಮಗಳ ಕೈಯಿಂದ ಬಣ್ಣದ ಕಡ್ಡಿಗಳನ್ನು ಬಿಡಿಸಿ ಡಬ್ಬಿಗೆ ತುಂಬಿದಳು. ಬಾಗಿಲ ಬಳಿ ನಿಂತು ಹೇಳಿದಳು, "ನಾನಾಗಿ ಯಾರ ಹತ್ರಾನೂ ಬಾಯಿ ಬಿಡಲ್ಲ ಟೀಚರ್. ನಾಳೆ ಬಂದೂ ಬರ್ತೀನಿ. ಆದ್ರೆ ನನ್ನ ಬೆನ್ನಿಗೆ ಕೈ ಹಾಕಬೇಡಿ. ನನಗೆ ಮಗೂನ ಎತ್ಕೊಳ್ಳೋಕೆ ಸೊಂಟ ಬೇಕು."

ಹೇಳಿದ ಮೇಲೆ, ಇಷ್ಟು ಗಡುಸಾಗಿ ಹೇಳಬಾರದಿತ್ತೇನೋ ಅನ್ನಿಸಿತು. ಚಿಕ್ಕ ಟೀಚರು ಮಾತ್ರ ತಲೆಯಾಡಿಸಿ, "ಸರಿ. ಕತ್ತಲಿದೆ, ಮೆಟ್ಟಿಲು ನೋಡ್ಕೊಂಡು ಇಳೀರಿ" ಎಂದರು.

ಮರುದಿನ ಬೆಳಿಗ್ಗೆ ಅವರು ಬಾಗಿಲ ಬಳಿಯಿಂದ ಕದಲಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಣಿಸುತ್ತಿದ್ದರು. ರಜೆ ಮುಗಿಸಿ ಬಂದಿದ್ದ ರಬ್ಬರಮ್ಮ, ಸೊಂಟ ಮೇಲೆತ್ತಿ ತಲೆ ಕೆಳಗಾಗಿ ನಿಲ್ಲುವ ಭಂಗಿಯಲ್ಲಿ, ತೋಳುಗಳ ನಡುವಿನಿಂದಲೇ ಕೇಳಿದಳು, "ಟೀಚರ್, ಇವತ್ತು ನಮ್ಮ ಬೀದಿ ಕಡೆ ಬರೋದೇ ಇಲ್ವಾ?"

ಯಾರೋ ನಕ್ಕರು. ಚಿಕ್ಕ ಟೀಚರು ಮುಂದಿನ ಸುತ್ತು ಶುರು ಮಾಡಿದರು.

"ಏಕಂ." ಎಲ್ಲರ ಕೈಗಳೂ ಮೇಲೆದ್ದವು. "ದ್ವೇ." ಬಾಗಿದರು. "ತ್ರೀಣಿ." ತಲೆಯೆತ್ತಿದರು. "ಚತ್ವಾರಿ." ಎಲ್ಲರೂ ಹಿಂದಕ್ಕೆ ಹಾರಿ ಮೈಯನ್ನು ನೆಲದಿಂದ ಗೇಣೆತ್ತರದಲ್ಲಿ ಹಿಡಿದರು. ಇಡೀ ದೇಹ ಎರಡು ಅಂಗೈ, ಕಾಲ್ಬೆರಳ ತುದಿಗಳ ಮೇಲೆ. ಇಡೀ ಅಭ್ಯಾಸದಲ್ಲೇ ಕಷ್ಟದ ಜಾಗ. ಅಲ್ಲಿ ಯಾರೂ ಅರೆಕ್ಷಣಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.

ಮುಂದಿನ ಎಣಿಕೆ ಬರಲಿಲ್ಲ.

ಎಣಿಕೆ ಬಾರದೆ ಕದಲುವುದು ಆ ಹಾಲಿನಲ್ಲಿ ಯಾರಿಗೂ ಅಭ್ಯಾಸವಿಲ್ಲ. ಎಲ್ಲರೂ ಹಾಗೇ ನಿಂತರು. ಮೊಣಕೈಗಳು ನಡುಗತೊಡಗಿದವು. ಕಂಬದ ಆಚೆ ಯಾರೋ "ಅಮ್ಮಾ" ಎಂದು ಮುಲುಗಿದರು.

"ನನ್ನ ಕೈಗೆ ಏನೂ ಗೊತ್ತಾಗಲ್ಲ" ಎಂದರು ಚಿಕ್ಕ ಟೀಚರು, ಎಣಿಸುವ ದನಿಯಲ್ಲೇ. "ಅಕ್ಕ ಹೋದಾಗಿನಿಂದ ಗೊತ್ತಾಗ್ತಿಲ್ಲ. ನಿಮಗೆಲ್ಲ ಅಂದಾಜಿನಲ್ಲಿ ಒತ್ತುತ್ತಿದ್ದೆ. ಡ್ರೈವರ ಕಾಲು ತಾನಾಗಿ ಹರಿದದ್ದಲ್ಲ. ನಾನು ಹರಿದದ್ದು. ಇನ್ಮೇಲೆ ಯಾರನ್ನೂ ಮುಟ್ಟಲ್ಲ. ಬರೋರು ಬನ್ನಿ, ಬಿಡೋರು ಬಿಡಿ."

ಹಲಗೆಯ ಮೇಲೆ ಬೆವರಿನ ಹನಿ ಬೀಳುವುದು ಕೇಳಿಸುತ್ತಿತ್ತು.

"ಪಂಚ" ಎಂದರು.

ಅರ್ಧದಷ್ಟು ಜನ ಏಳಲಾಗದೆ ಮುಖ ಕೆಳಗಾಗಿ ಧೊಪ್ಪನೆ ಬಿದ್ದರು. ಕೆಳಗಿನಿಂದ ಕೋಲು ಸೂರನ್ನು ಕುಟ್ಟಿತು. ಗುಬ್ಬಿಯಮ್ಮನಿಗೆ ನಗುವೂ ಬಂತು, ನಗುವ ಹೊತ್ತಲ್ಲವೆಂದೂ ಗೊತ್ತಿತ್ತು. ಹಲ್ಲು ಕಚ್ಚಿ ಎದೆಯೆತ್ತಿದಳು.

ಅಂದು ಸಂಜೆ ಅವಳೇ ಚಿಕ್ಕ ಟೀಚರನ್ನು ಡ್ರೈವರ ಮನೆಗೆ ಕರೆದುಕೊಂಡು ಹೋದಳು. ಡ್ರೈವರು ಒಂದು ಕುರ್ಚಿಯಲ್ಲಿ ಕೂತು ಇನ್ನೊಂದರ ಮೇಲೆ ಕಾಲಿಟ್ಟಿದ್ದರು. ಹೆಂಡತಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಚಿಕ್ಕ ಟೀಚರು ಬೆಳಿಗ್ಗೆ ಹೇಳಿದ್ದನ್ನೇ ಹೇಳಿದರು, ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಡ್ರೈವರ ಮುಖದ ನಗು ಮೆಲ್ಲಗೆ ಇಳಿಯಿತು. "ಗೊತ್ತಾಗಲ್ಲ ಅಂತ ಗೊತ್ತಿದ್ದೂ ಕೈ ಇಟ್ರಾ?"

"ಗೊತ್ತಿತ್ತು."

"ಬ್ರೇಕ್ ಹಿಡಿಯಲ್ಲ ಅಂತ ಗೊತ್ತಿದ್ದೂ ಬಸ್ ತೆಗೆದ ಹಾಗಾಯ್ತಲ್ಲ ಟೀಚರ್! ಡಿಪೋದಲ್ಲಿ ಯಾರಾದ್ರೂ ಹಾಗೆ ಮಾಡಿದ್ರೆ ನಾನೇ ಕೊರಳಪಟ್ಟಿ ಹಿಡೀತಿದ್ದೆ."

"ಹೌದು."

"ಹೌದು ಅಂತೀರಲ್ಲ!" ಡ್ರೈವರ ದನಿ ಏರಿತು. ಬೈಯಲು ಬಾಯಿ ತೆರೆದರು. ಎದುರಿಗೆ ಆ ಒಣಗಿದ ಮುಖ, ಸೆರಗಿನ ಮೇಲೆ ಬೇರೆ ಯಾರದೋ ವಸ್ತುಗಳಂತೆ ಬಿದ್ದಿದ್ದ ಎರಡು ಕೈಗಳು. ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿಕೊಂಡರು. "ಕಾಲು ಸರಿಹೋಗ್ಲಿ. ಆಮೇಲೆ ಮಾತಾಡೋಣ. ಈಗ ಹೋಗಿ."

ಹೆಂಡತಿ ಬಾಗಿಲವರೆಗೆ ಬಂದಳು. ಬಂದವಳು ಜಗಳಕ್ಕೆ ನಿಲ್ಲಲಿಲ್ಲ. "ಮೊದಲು ಆ ಕೈ ತೋರಿಸ್ಕೊಳ್ರಿ" ಎಂದು ಗದರಿದಳು.

ತೋರಿಸಿದ್ದಾಯಿತು. ಕುತ್ತಿಗೆಯಲ್ಲೂ ಮಣಿಕಟ್ಟಿನಲ್ಲೂ ನರ ಒತ್ತಿಕೊಂಡಿದೆ ಎಂದರು ಡಾಕ್ಟರು. ಮಣಿಕಟ್ಟಿಗೆ ಪಟ್ಟಿ ಕೊಟ್ಟರು. ಕೈ ಮೇಲೆ ಭಾರ ಹಾಕಬಾರದು, ಹಾರಬಾರದು, ಮುಂದೆ ಬೇಕಾದರೆ ಸಣ್ಣ ಆಪರೇಷನ್ನು. ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು. ಚಿಕ್ಕ ಟೀಚರು ಎಲ್ಲಕ್ಕೂ ತಲೆಯಾಡಿಸಿದರು. ಹೊರಗೆ ಬಂದ ಮೇಲೆ, "ನರವಂತೆ" ಎಂದರು ಗುಬ್ಬಿಯಮ್ಮನಿಗೆ. ಸ್ವಲ್ಪ ದೂರ ನಡೆದು ಮತ್ತೆ, "ಹಾಗಾದ್ರೆ ಅಕ್ಕ ಹೋದದ್ದಕ್ಕೆ ಅಂತ ನನಗೆ ಆಗಿದ್ದೇನು?" ಎಂದರು. ಗುಬ್ಬಿಯಮ್ಮ ಅವರ ತೋಳು ಹಿಡಿದು ರಸ್ತೆ ದಾಟಿಸಿದಳು. ಅದು ಅವರಿಗೆ ತಿಳಿಯಿತೋ ಇಲ್ಲವೋ.

ಹಾಲಿಗೆ ಬರುವವರು ಕಡಿಮೆಯಾದರು. ಇಬ್ಬರು ಹೇಳಿ ಬಿಟ್ಟರು, ಮೂವರು ಹೇಳದೆ ಬಿಟ್ಟರು. ಬಂದವರಿಗೂ ಏನೋ ಕೊರತೆ. ಬಾಗಿದಾಗ ಬೆನ್ನು ಕಾಯುತ್ತಿತ್ತು, ಕೈ ಬರುತ್ತಿರಲಿಲ್ಲ. ಇಸ್ತ್ರಿಯವರು ಒಮ್ಮೆ ಮೇಲೆ ಹತ್ತಿ ಬಂದು, "ಏನ್ ಟೀಚರ್, ಕುದುರೆಗಳು ಮಾರಾಟ ಆಗೋದ್ವಾ? ಸದ್ದೇ ಇಲ್ಲ" ಎಂದರು. ಅವರ ಮುಖದಲ್ಲೂ ಗೆಲುವಿರಲಿಲ್ಲ.

ಒಂದು ಬೆಳಿಗ್ಗೆ ಪಾಠ ಮುಗಿದು ಮಿಕ್ಕವರು ಹೋದ ಮೇಲೆ ಗುಬ್ಬಿಯಮ್ಮ ಮಗಳ ಚಪ್ಪಲಿ ಹುಡುಕುತ್ತಿದ್ದಳು. ಚಿಕ್ಕ ಟೀಚರು ಚಹಾ ಬಗ್ಗಿಸಿದರು. ಗುಬ್ಬಿ ಓಡಿಹೋಗಿ ಲೋಟಕ್ಕೆ ತನ್ನ ಕರವಸ್ತ್ರ ಸುತ್ತಿ, "ಈಗ ಹಿಡ್ಕೊಳ್ಳಿ. ನಿಮಗೆ ಗೊತ್ತಾಗಲ್ಲ, ಆದ್ರೂ ಸುಡುತ್ತೆ" ಎಂದಿತು. ಅವರು ಹಿಡಿದುಕೊಂಡರು. ಮಗುವನ್ನು ನೋಡಿದರು. ಬಹಳ ದಿನಗಳ ಮೇಲೆ ಜಾಗವನ್ನಲ್ಲದೆ ಮುಖವನ್ನು ನೋಡಿದಂತೆ ಕಂಡಿತು.

"ಗುಬ್ಬಿಯಮ್ಮಾ, ಇಲ್ಲಿ ಬಾ" ಎಂದರು. "ನೀನು ಅಂಗಡೀಲಿ ಜನರ ಕಿವಿ ಹಿಂದೆ ಬೆರಳು ಹಾಕ್ತೀಯಲ್ಲ. ಎಲ್ಲಿ ಒತ್ತುತ್ತೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

"ಅದೇನೋ ಟೀಚರ್, ಗೊತ್ತಾಗುತ್ತೆ. ಚರ್ಮ ಬಿಗಿಯಾಗುತ್ತೆ. ಅವರು ಉಸಿರು ಹಿಡೀತಾರೆ."

"ಹೂಂ. ಬೆನ್ನೂ ಅಷ್ಟೇ." ಲೋಟವನ್ನು ನೆಲದ ಮೇಲಿಟ್ಟರು. "ನನ್ನ ಕೈ ಹೋಗಿದೆ. ಬೆನ್ನು ಹೋಗಿಲ್ಲ. ಒತ್ತಿದ್ರೆ ಎಲ್ಲಿ ಸಾಕು, ಎಲ್ಲಿ ಜಾಸ್ತಿ, ಅದಕ್ಕೆ ಇನ್ನೂ ಗೊತ್ತಾಗುತ್ತೆ. ಅಕ್ಕ ಹೋದ ಮೇಲೆ ಯಾರೂ ಮುಟ್ಟಿಲ್ಲ, ಆದ್ರೂ ಗೊತ್ತಾಗುತ್ತೆ ಅಂದ್ಕೋತೀನಿ."

ಗುಬ್ಬಿಯಮ್ಮ ಚಪ್ಪಲಿ ಹಿಡಿದು ಹಾಗೇ ನಿಂತಳು. ಬೆಳಗಿನ ತಿಂಡಿ, ಮಗಳ ಶಾಲೆ, ಗುಬ್ಬಿಯ ಅಪ್ಪನ ಪಾಳಿ, ಒಂಬತ್ತೂವರೆಯ ಅಂಗಡಿ ಎಲ್ಲವೂ ಒಟ್ಟಿಗೆ ಅವಳ ತಲೆಯಲ್ಲಿ ಸಾಲಾಗಿ ನಿಂತವು. ಚಿಕ್ಕ ಟೀಚರು ಇನ್ನೂ ಏನನ್ನೂ ಕೇಳಿರಲಿಲ್ಲ, ಆದರೆ ಏನು ಕೇಳುತ್ತಾರೆಂದು ಅವಳಿಗೆ ಗೊತ್ತಾಗಿತ್ತು.

"ನನ್ನಿಂದ ಯಾರಿಗಾದ್ರೂ ಏನಾದ್ರೂ ಆದ್ರೆ ಟೀಚರ್?"

"ಅದಕ್ಕೇ ಮೊದಲು ನನ್ನ ಮೇಲೆ ಕಲಿ. ನಾನು ಸಾಕು ಅನ್ನೋವರೆಗೆ ಒತ್ತು. ಸಾಕು ಅನ್ನೋಕೆ ಮುಂಚೆ ನಿನ್ನ ಕೈಗೇ ಸಾಕು ಅನ್ನಿಸಿದ ದಿನ ಬೇರೆಯವರ ಬೆನ್ನು. ಆಮೇಲೆ ನಾನು ಎಣಿಸ್ತೀನಿ, ನೀನು ಕೈ ಇಡು." ಎಣಿಕೆಯ ದನಿಯಲ್ಲ ಅದು. ಬಹಳ ಹಿಂದೆ ಅಕ್ಕನ ಪಕ್ಕ ಮೌನವಾಗಿ ಸುಳಿಯುತ್ತಿದ್ದವರ ದನಿ, ಸಣ್ಣಗೆ, ಸ್ವಲ್ಪ ಒರಟಾಗಿ. "ನಿನಗೆ ತೊಂದರೆ ಅಂತ ಗೊತ್ತು. ನಾಳೆ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಬಂದು ನನ್ನ ಬೆನ್ನಿಗೆ ಸ್ವಲ್ಪ ಕೈ ಇಡ್ತೀಯಾ? ಬರುವಾಗ ಉಗುರು ಕತ್ತರಿಸ್ಕೊಂಡು ಬಾ."